ಇಂಗ್ಲಿಷಿನ ಪ್ರಿಪೊಸಿಷನ್ನೂ ಕನ್ನಡದ ವಿಭಕ್ತಿಯೂ

ಝರಾಸಂಗಂ ಕ್ಷೇತ್ರದ ಸುತ್ತಣ ಸೀಮೆಯು ಕನ್ನಡ, ತೆಲುಗು, ಮರಾಠಿ, ಉರ್ದುಗಳು ಕೂಡಿ ಬಾಳುವ ನೆಲ. ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಗೂ ತಾಂಡೂರು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದುವು. 1956ನೆಯ ನವೆಂಬರ್ 1ರಂದು ಅವು ಆಂಧ್ರಪ್ರದೇಶಕ್ಕೆ ಸಂದುವು, 2014ರಿಂದ ತೆಲಂಗಾಣದಲ್ಲಿವೆ. ಎಲ್ಲೆಗಳು ಬದಲಾದರೂ ಈ ನಾಲ್ಕು ನುಡಿಗಳ ಒಂದು ಸಮಾನಧರ್ಮ ಬದಲಾಗಲಿಲ್ಲ. ಕನ್ನಡದ ‘ಊರಲ್ಲಿ’, ತೆಲುಗಿನ ‘ಊರಿಲೋ’, ಮರಾಠಿಯ ‘ಗಾವಾತ್’, ಉರ್ದುವಿನ ‘ಗಾಂವ್ ಮೇಂ’ ಇವೆಲ್ಲವುಗಳಲ್ಲಿ ಸಂಬಂಧಸೂಚಕವು ನಾಮಪದದ ಅನಂತರ ಬರುತ್ತದೆ. ‘ಇನ್ ದ ವಿಲೇಜ್’ ಎನ್ನುವ ಇಂಗ್ಲಿಷ್ ಮಾತ್ರ ಅದನ್ನು ಮುಂಚೆಯೇ ಇರಿಸುತ್ತದೆ. ನಮ್ಮ ಮಕ್ಕಳ ತೊಡಕಿನ ಮೂಲವು ಇಲ್ಲಿದೆ.

ಪ್ರಿಪೊಸಿಷನ್ ಎಂಬುದು ಲ್ಯಾಟಿನಿನಿಂದ ಬಂದ ಹೆಸರು. ‘ಮುಂದೆ ಇಟ್ಟದ್ದು’ ಎಂದು ಅದರ ಅರ್ಥ. ಗ್ರೀಕ್ ವೈಯಾಕರಣರ ‘ಪ್ರೊಥೆಸಿಸ್’ ಎಂಬ ಸಂಜ್ಞೆಯೇ ಇದಕ್ಕೆ ಮಾದರಿ. ಅದನ್ನು ನಾವು ‘ಉಪಸರ್ಗ’ವೆಂದು ಅನುವಾದಿಸಿಕೊಂಡೆವು. ಆದರೆ ಪ್ರಹಾರ, ವಿಹಾರ, ಸಂಹಾರಗಳಲ್ಲಿ ಕಾಣುವ ಸಂಸ್ಕೃತದ ಉಪಸರ್ಗವು ಧಾತುವಿಗೆ ಅಂಟುವಂಥದು. ನಾಮಪದವನ್ನು ಆಳುವ ಪ್ರಿಪೊಸಿಷನ್ನು ಬೇರೆ. ಅದರ ಕಾರ್ಯವನ್ನು ಕನ್ನಡದಲ್ಲಿ ಮುಖ್ಯವಾಗಿ ವಿಭಕ್ತಿ ಪ್ರತ್ಯಯಗಳು ನಡೆಸುತ್ತವೆ.

ಪೂರ್ವಕಾಲದ ಇಂಗ್ಲಿಷಿಗೂ ವಿಭಕ್ತಿಗಳಿದ್ದುವು. ಪದಾಂತ್ಯಗಳು ಕ್ರಮೇಣ ಸವೆದುಹೋದಂತೆ, ಮೊದಲಿನಿಂದಲೂ ಇದ್ದ ಪ್ರಿಪೊಸಿಷನ್ನುಗಳ ಮೇಲೆ ಹೆಚ್ಚಿನ ಭಾರ ಬಿದ್ದಿತು. ಕನ್ನಡದಲ್ಲಿ ನಡೆದದ್ದು ಇದಕ್ಕೆ ವಿಪರೀತ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹೇಳುವ ಸಪ್ತಮಿಯ ‘ಒಳ್’ ಎಂಬುದು ‘ಒಳಗು’ ಎಂಬರ್ಥದ ಸ್ವತಂತ್ರ ಶಬ್ದಕ್ಕೆ ಸಂಬಂಧಿಸಿದುದು. ಈಗಿನ ‘ಅಲ್ಲಿ’ಯೂ ಹಾಗೆಯೇ. ಅಲ್ಲಿ ಪ್ರತ್ಯಯವಳಿದು ಪದ ಬಲಿತರೆ, ಇಲ್ಲಿ ಪದವೇ ಪ್ರತ್ಯಯವಾಯಿತು.

ಇದನ್ನರಿತರೆ ಗುರುತಿಸುವುದು ಸುಲಭ. ಮೊದಲನೆಯದಾಗಿ, ಪ್ರಿಪೊಸಿಷನ್ನಿಗೆ ಆಶ್ರಯವಾಗಿ ನಾಮಪದವೋ ಸರ್ವನಾಮವೋ ಇದೆಯೇ ಎಂದು ನೋಡಬೇಕು. ‘ಹೀ ಈಸ್ ಇನ್ ದ ಟೆಂಪಲ್’ ಎಂಬಲ್ಲಿ ‘ಇನ್’ಗೆ ‘ಟೆಂಪಲ್’ ಇದೆ. ‘ಹೀ ಕೇಮ್ ಇನ್’ ಎಂಬಲ್ಲಿ ಏನೂ ಇಲ್ಲವಾದ್ದರಿಂದ ಅದು ಕ್ರಿಯಾವಿಶೇಷಣ. ಎರಡನೆಯದಾಗಿ, ಪದಗುಚ್ಛದ ಕಾರ್ಯವನ್ನು ವಿಚಾರಿಸಬೇಕು. ‘ದ ಪಿಲ್ಗ್ರಿಮ್ಸ್ ಫ್ರಂ ಜಹೀರಾಬಾದ್ ವೆಂಟ್ ಟು ದ ಟೆಂಪಲ್’ ಎಂಬುದನ್ನು ‘ಜಹೀರಾಬಾದಿನ ಯಾತ್ರಿಕರು ಗುಡಿಗೆ ಹೋದರು’ ಎನ್ನುತ್ತೇವೆ. ‘ಫ್ರಂ’ ಎಂಬುದಕ್ಕೆ ಇಲ್ಲಿ ‘ಇಂದ’ ಬರಲಿಲ್ಲ, ಷಷ್ಠಿ ಬಂದಿತು. ಏಕೆಂದರೆ ಆ ಗುಚ್ಛವು ಯಾತ್ರಿಕರಿಗೆ ವಿಶೇಷಣ. ‘ಟು ದ ಟೆಂಪಲ್’ ಕ್ರಿಯೆಯನ್ನು ವಿಶೇಷಿಸುವುದರಿಂದ ಚತುರ್ಥಿ. ನಾಮವನ್ನು ವಿಶೇಷಿಸುವ ಗುಚ್ಛವು ಕನ್ನಡದಲ್ಲಿ ಬಹುಮಟ್ಟಿಗೆ ಷಷ್ಠಿಯಾಗಿಯೋ ಕೃದಂತದೊಡನೆಯೋ ತೋರುವುದೆಂಬ ಈ ಪರೀಕ್ಷೆ ತರಗತಿಯಲ್ಲಿ ಬಹಳ ಉಪಯುಕ್ತ.

‘ಟು ಗೋ’ ಎಂಬಲ್ಲಿಯ ‘ಟು’ ಇಂದು ಪ್ರಿಪೊಸಿಷನ್ನಲ್ಲ. ಆದರೆ ಹಳೆಯ ಇಂಗ್ಲಿಷಿನಲ್ಲಿ ಅದು ಚತುರ್ಥ್ಯಂತ ಭಾವನಾಮದೊಡನೆ ಬರುತ್ತಿತ್ತು. ನಮ್ಮ ‘ಹೋಗಲಿಕ್ಕೆ’ ಎಂಬುದರ ಕೊನೆಯಲ್ಲಿರುವುದೂ ಚತುರ್ಥಿಯ ‘ಕೆ’ ಅಲ್ಲವೇ? ದೂರದ ಎರಡು ನುಡಿಗಳು ಒಂದೇ ಹಾದಿ ಹಿಡಿದುದು ಗಮನಾರ್ಹ.

ಒಂದಕ್ಕೊಂದು ಪ್ರತ್ಯಯವೆಂದು ಬಾಯಿಪಾಠ ಮಾಡಿಸುವುದು ಮಾತ್ರ ಅಪಾಯಕರ: ‘ವಿತ್ ಎ ಸ್ಟಿಕ್’ ಕೋಲಿನಿಂದ, ‘ವಿತ್ ಮೈ ಬ್ರದರ್’ ತಮ್ಮನೊಡನೆ. ಕನ್ನಡದ ಕಾರಕಜ್ಞಾನವಿಲ್ಲದ ವಿದ್ಯಾರ್ಥಿಗೆ ಈ ಭೇದ ಹೊಳೆಯುವುದು ಕಷ್ಟ. ಆದುದರಿಂದ ಗಡಿಯ ಶಾಲೆಗಳಲ್ಲಿ ಕನ್ನಡ ವ್ಯಾಕರಣವನ್ನು ಬಿಟ್ಟುಕೊಟ್ಟು ಇಂಗ್ಲಿಷನ್ನು ಗಳಿಸುವೆವೆಂಬುದು ಭ್ರಮೆ. ಮನೆಯ ನುಡಿಯ ವಿಭಕ್ತಿ ಗಟ್ಟಿಯಾಗಿರುವಲ್ಲಿ ಪರನುಡಿಯ ಪ್ರಿಪೊಸಿಷನ್ನು ತಾನಾಗಿ ವಿಶದವಾಗುವುದು.