ಮರ್ಫಿ ಟೌನ್‌ನ ಮರ್ಫಿ ಯಾರು? ನಿಮ್ಮ ಇನಿಷಿಯಲ್‌ನ ಊರು ಯಾವುದು?

ಹಳ್ಳಿಯ ಹಳೇ ಮನೆಗಳಲ್ಲಿ ಗೂಡಿನ ಮೇಲೆ ಮರ್ಫಿ ರೇಡಿಯೋ ಕೂತಿರುತ್ತಿತ್ತು. ಬೆರಳು ತುಟಿಗಿಟ್ಟ ಮಗುವಿನ ಕ್ಯಾಲೆಂಡರ್ ಕೂಡ ಅನೇಕರಿಗೆ ನೆನಪಿದೆ. ಹಾಗಾಗಿ ಬೆಂಗಳೂರಿನ ಬಸ್ಸಿನಲ್ಲಿ 'ಮರ್ಫಿ ಟೌನ್' ಎಂಬ ಹೆಸರು ಕೇಳಿದರೆ ರೇಡಿಯೋ ನೆನಪಾಗುವುದು ಸಹಜ. ಆದರೆ ರೇಡಿಯೋದ ಮರ್ಫಿ ಬೇರೆ, ಊರಿನ ಮರ್ಫಿ ಬೇರೆ.

ರೇಡಿಯೋ ಕಂಪನಿಯನ್ನು 1929ರಲ್ಲಿ ಇಂಗ್ಲೆಂಡಿನಲ್ಲಿ ಶುರುಮಾಡಿದವರಲ್ಲಿ ಒಬ್ಬರು ಫ್ರಾಂಕ್ ಮರ್ಫಿ. ಹಲಸೂರಿನ ಪಕ್ಕದ ಮರ್ಫಿ ಟೌನ್‌ಗೆ ಹೆಸರು ಬಂದದ್ದು ಡಬ್ಲ್ಯೂ. ಹೆಚ್. ಮರ್ಫಿ ಎಂಬ ಎಂಜಿನಿಯರ್‌ನಿಂದ. 1881ರಿಂದ 1947ರವರೆಗೆ ದಂಡು ಪ್ರದೇಶ ಮೈಸೂರು ಮಹಾರಾಜರ ಆಡಳಿತದಲ್ಲಿ ಇರಲಿಲ್ಲ. 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂಬ ಹೆಸರಿನಲ್ಲಿ ಬ್ರಿಟಿಷರೇ ಅದನ್ನು ನೋಡಿಕೊಳ್ಳುತ್ತಿದ್ದರು. ಮರ್ಫಿ ಅಲ್ಲಿನ ಕಾರ್ಯನಿರ್ವಾಹಕ ಎಂಜಿನಿಯರ್. ದಂಡಿನಲ್ಲಿ ಕೂಲಿ ಮತ್ತು ಚಾಕರಿ ಮಾಡುತ್ತಿದ್ದ ಬಡವರು ಇದ್ದ ಬಡಾವಣೆ ಇದು. ಮೊದಲು ಇದರ ಹೆಸರು ನಾಕ್ಸ್‌ಪೇಟೆ.

ಎರಡೂ ಹೊರಗಿನ ಮನೆತನದ ಹೆಸರುಗಳೇ. ನಾಕ್ಸ್ ಸ್ಕಾಟ್ಲೆಂಡಿನದು. ಅದರ ಬೇರು 'ಕ್ನಾಕ್' ಎಂಬ ಪದ, ಅಂದರೆ ದಿಬ್ಬ. ಮರ್ಫಿ ಐರ್ಲೆಂಡಿನದು. ಅಲ್ಲಿನ ಭಾಷೆಯಲ್ಲಿ ಅದು 'ಓ ಮುರಖೂ' ಎಂಬಂತೆ ಕೇಳಿಸುತ್ತದೆ. 'ಓ' ಎಂದರೆ ಮೊಮ್ಮಗ ಅಥವಾ ವಂಶದವನು. ಉಳಿದದ್ದು ಪೂರ್ವಿಕನೊಬ್ಬನ ಹೆಸರು; ಅದರ ಅರ್ಥ ಸಮುದ್ರದ ಯೋಧ. ಇಂಗ್ಲಿಷರ ಆಳ್ವಿಕೆಯಲ್ಲಿ 'ಓ' ಬಿದ್ದುಹೋಗಿ ಬರೀ ಮರ್ಫಿ ಉಳಿಯಿತು. ಮುಂದೆ ಸಲಿವನ್‌ಗಳಲ್ಲಿ ಅನೇಕರು ಮತ್ತೆ ಓ'ಸಲಿವನ್ ಆದರು, ಮರ್ಫಿಗಳು ಮಾತ್ರ ಹಾಗೇ ಉಳಿದರು.

ಐರ್ಲೆಂಡಿನಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು ಇದೇ. 1890ರ ಜನನ ನೋಂದಣಿ ಆಧರಿಸಿ ರಾಬರ್ಟ್ ಮ್ಯಾಥೆಸನ್ ಮಾಡಿದ ಅಂದಾಜಿನಲ್ಲಿ ಮರ್ಫಿಗಳು ಸುಮಾರು 62,600 ಮಂದಿ. ಹಾಗೆಂದು ಎಲ್ಲರೂ ದಾಯಾದಿಗಳಲ್ಲ. ಕಾರ್ಕ್, ವೆಕ್ಸ್‌ಫರ್ಡ್ ಮುಂತಾದ ಕಡೆ ಬೇರೆಬೇರೆ ವಂಶಗಳು ಅದೇ ಹೆಸರು ಹೊತ್ತವು.

ಮನೆತನದ ಹೆಸರು ಎಲ್ಲ ಕಡೆ ಹೀಗೆ ತಾನಾಗಿ ಬೆಳೆದದ್ದಲ್ಲ. ಜಪಾನಿನಲ್ಲಿ ಸಾಮಾನ್ಯ ಜನರೂ ಅದನ್ನು ಇಟ್ಟುಕೊಳ್ಳಲೇಬೇಕು ಎಂದು ಸರ್ಕಾರ 1875ರಲ್ಲಿ ಕಡ್ಡಾಯ ಮಾಡಿತು. ಅಲ್ಲಿ ಇಂದಿಗೂ ಬಹಳ ಜನರಿಗಿರುವ 'ತನಾಕಾ' ಎಂಬ ಹೆಸರಿನ ಅರ್ಥ ಗದ್ದೆಯ ನಡುವೆ. ನಮ್ಮ ಮಲೆನಾಡಿನವರಿಗೆ, ಕರಾವಳಿಯವರಿಗೆ ಇದು ಮನೆಯ ಹೆಸರಿನಂತೆಯೇ ಕೇಳಿಸೀತು.

ನಮ್ಮಲ್ಲಿ? ಹಳೇ ಮೈಸೂರು ಕಡೆ ಊರಿನ ಹೆಸರು, ಅಪ್ಪನ ಹೆಸರು, ಆಮೇಲೆ ತನ್ನ ಹೆಸರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಸೇರಿ ಕುವೆಂಪು. ಹೆಚ್.ಡಿ. ದೇವೇಗೌಡರ 'ಹೆಚ್' ಹರದನಹಳ್ಳಿ, 'ಡಿ' ದೊಡ್ಡೇಗೌಡ. ಉತ್ತರ ಕರ್ನಾಟಕದಲ್ಲಿ ಊರು ಕೊನೆಗೆ ಬರುತ್ತದೆ: ಮಲ್ಲಿಕಾರ್ಜುನ ಮನಸೂರ.

ಈಗ ಪಾಸ್‌ಪೋರ್ಟಿಗೋ ಕೆಲಸಕ್ಕೋ ಅರ್ಜಿ ತುಂಬುವಾಗ 'ಸರ್‌ನೇಮ್' ಕಾಲಂ ಎದುರಾಗುತ್ತದೆ. ಕೆಲವರು ಅಪ್ಪನ ಹೆಸರು ಬರೆಯುತ್ತಾರೆ, ಕೆಲವರು ಇನಿಷಿಯಲ್ ಬಿಡಿಸಿ ಬರೆಯುತ್ತಾರೆ, ಮತ್ತೆ ಕೆಲವರು ಎಂದೂ ಹೆಸರಿಗೆ ಅಂಟಿಸದ ಜಾತಿಯನ್ನು ಸೇರಿಸಿಬಿಡುತ್ತಾರೆ. ಒಂದು ದಾಖಲೆಯಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಆದರೆ ಆಮೇಲೆ ಅಫಿಡವಿಟ್ ಹಿಡಿದು ಅಲೆಯಬೇಕು. ಈ ಗಡಿಬಿಡಿಯಲ್ಲಿ ಊರಿನ ಅಕ್ಷರ ಸದ್ದಿಲ್ಲದೆ ಬಿದ್ದುಹೋಗುತ್ತದೆ, ಐರ್ಲೆಂಡಿನ 'ಓ' ಬಿದ್ದಂತೆ.

ಮರ್ಫಿ ಟೌನ್ ಕಲಿಸುವುದು ಇದನ್ನೇ. ಒಬ್ಬ ಅಧಿಕಾರಿಯ ಮನೆತನದ ಹೆಸರು ಬಡಾವಣೆಯ ಹೆಸರಾಗಿ ಉಳಿಯಿತು. ಅಲ್ಲಿ ಗೋಡೆ ಕಟ್ಟಿದವರ, ಬೀದಿ ಗುಡಿಸಿದವರ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ. ಅಂಥವರ ಗುರುತು ಎಲ್ಲಾದರೂ ಉಳಿದಿದ್ದರೆ ಅದು ಮಕ್ಕಳ, ಮೊಮ್ಮಕ್ಕಳ ಇನಿಷಿಯಲ್‌ನಲ್ಲಿ: ಬಿಟ್ಟುಬಂದ ಊರಿನ ಒಂದು ಅಕ್ಷರ, ಅಪ್ಪನ ಒಂದು ಅಕ್ಷರ.

ನಿಮ್ಮ ಇನಿಷಿಯಲ್‌ನಲ್ಲಿರುವ ಊರು ಈಗ ನೀವಿರುವ ಊರೇ? ಅಲ್ಲದಿದ್ದರೆ ಅಲ್ಲಿಂದ ಯಾರು, ಯಾಕೆ ಹೊರಟರು? ಮನೆಯ ಹಿರಿಯರನ್ನು ಇವತ್ತೇ ಕೇಳಿ, ಬರೆದಿಡಿ. ಅವರಿಗಲ್ಲದೆ ಬೇರೆ ಯಾರಿಗೂ ಅದು ಗೊತ್ತಿರಲಿಕ್ಕಿಲ್ಲ.