ನಾಲ್ಕನೆಯ ಭಾಗಕ್ಕೆ ಸರಿದ ನುಡಿ

1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ಅಂದು ಸೇಲಂ ಜಿಲ್ಲೆಯಲ್ಲಿದ್ದ ಹೊಸೂರು ಮದರಾಸಿನಲ್ಲಿಯೇ ಉಳಿಯಿತು. ಅದೇ ವರ್ಷ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ ಬಂದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ವಿಧಿಸಿತು. ಯತ್ನಿಸುವುದು ಬೇರೆ, ಒದಗಿಸುವುದು ಬೇರೆ. ಪ್ರಾಥಮಿಕ ಹಂತದಾಚೆಗಂತೂ ಈ ವಿಧಿಯು ಮೌನವಾಗಿದೆ.

ಮುಂದೆ ವ್ಯಾಪಾರದ ಮೇಲೂ ಭಾಷಾನಿಯಮ ಬಂದಿತು. ಅಂಗಡಿಯ ನಾಮಫಲಕದಲ್ಲಿ ತಮಿಳು ಮೊದಲಿರಬೇಕು, ಉಳಿದ ಭಾಷೆಗಳು ಅದರ ಕೆಳಗೆ. ಫಲಕದ ಅಕ್ಷರ ಬದಲಾದರೂ ಅಂಗಡಿಯೊಳಗಿನ ಮಾತು ಬದಲಾಗಬೇಕಿಲ್ಲ. ಶಾಲೆಯ ಸಂಗತಿ ಹಾಗಲ್ಲ.

2006ರ ತಮಿಳುನಾಡು ತಮಿಳು ಕಲಿಕಾ ಕಾಯಿದೆಯು 2006-07ರಲ್ಲಿ ಒಂದನೆಯ ತರಗತಿಯಿಂದ ತಮಿಳನ್ನು ಕಡ್ಡಾಯಗೊಳಿಸಿತು. ವರ್ಷಕ್ಕೊಂದು ತರಗತಿಯಂತೆ ಅದು 2015-16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು. ಕಾಯಿದೆಯ ಕ್ರಮದಲ್ಲಿ ತಮಿಳು ಮೊದಲ ಭಾಗ, ಇಂಗ್ಲಿಷ್ ಎರಡನೆಯದು, ಗಣಿತ ವಿಜ್ಞಾನಾದಿಗಳು ಮೂರನೆಯದು. ಕನ್ನಡದಂಥ ಮಾತೃಭಾಷೆಗೆ ನಾಲ್ಕನೆಯ ಭಾಗ, ಅದೂ ಐಚ್ಛಿಕವಾಗಿ. ಕನ್ನಡವನ್ನು ಯಾರೂ ನಿಷೇಧಿಸಲಿಲ್ಲ. ಆದರೆ ಐಚ್ಛಿಕವಾದ ವಿಷಯಕ್ಕೆ ವೇಳಾಪಟ್ಟಿಯಲ್ಲಿ ಯಾವ ಜಾಗ ದೊರೆಯುತ್ತದೆಂಬುದನ್ನು ಶಾಲೆ ಕಂಡವರೆಲ್ಲ ಬಲ್ಲರು. ರಾಜ್ಯಭಾಷೆಯನ್ನು ಕಲಿಯಬೇಕೆಂಬುದು ನ್ಯಾಯವಾದ ಅಪೇಕ್ಷೆಯೇ. ಅದಕ್ಕಾಗಿ ಮನೆಮಾತನ್ನು ಕೊನೆಗೆ ತಳ್ಳಬೇಕಾಗಿತ್ತೇ ಎಂಬುದು ಪ್ರಶ್ನೆ.

ಹೊಸೂರು, ತಳಿ, ಡೆಂಕಣಿಕೋಟೆಗಳ ಕನ್ನಡ ಶಾಲೆಗಳಿಗೂ ಅನ್ವಯಿಸುವ ಈ ವಿವಾದವನ್ನು ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಕ್ಕೆ ಒಯ್ದರು. ಹತ್ತನೆಯ ತರಗತಿಯ ತಮಿಳು ಪರೀಕ್ಷೆಯಿಂದ ಅಲ್ಪಸಂಖ್ಯಾತ ಶಾಲೆಗಳ ಮಕ್ಕಳಿಗೆ ದೊರೆತಿದ್ದ ವಿನಾಯಿತಿಯನ್ನು ಸರ್ವೋಚ್ಚ ನ್ಯಾಯಾಲಯವು 2023ರ ಫೆಬ್ರವರಿಯಲ್ಲಿ ವಿಸ್ತರಿಸಿತು, ಒಂದು ವರ್ಷದ ಮಟ್ಟಿಗೆ.