ಮನೆ ಬಾಡಿಗೆಗಿದೆ: ಒಂದು ಪ್ರಶ್ನೆಯ ಚರಿತ್ರೆ

ಓಹೇರ್ ವಿಮಾನ ನಿಲ್ದಾಣದ ಮಗ್ಗುಲಲ್ಲಿರುವ ಡೆಸ್ ಪ್ಲೇನ್ಸ್ ಸುಮಾರು 60 ಸಾವಿರ ಜನರ ಊರು. 1955ರಲ್ಲಿ ರೇ ಕ್ರಾಕ್ ತನ್ನ ಮೊದಲ ಮೆಕ್‌ಡೊನಾಲ್ಡ್ಸ್ ತೆರೆದದ್ದು ಇಲ್ಲೇ ಎಂಬುದು ಊರಿನ ಹೆಗ್ಗಳಿಕೆ. ಶಿಕಾಗೋ ಸುತ್ತಲಿನ ಇಂಥ ಉಪನಗರಗಳಿಗೆ ಬಂದು ನೆಲೆಸಿದ ನಮ್ಮವರಲ್ಲಿ ಕೆಲವರು ಕಾಲಕ್ರಮದಲ್ಲಿ ಸಣ್ಣ ಮಟ್ಟದ ಮನೆ ಮಾಲೀಕರೂ ಆಗಿದ್ದಾರೆ. ಮದುವೆಯಾದ ಹೊಸತರಲ್ಲಿ ಕೊಂಡ ಎರಡು ಕೋಣೆಯ ಕಾಂಡೋ ಬಿಟ್ಟು, ಮಕ್ಕಳ ಶಾಲೆಗಾಗಿ ದೊಡ್ಡ ಮನೆಗೆ ಹೋಗುತ್ತಾರೆ. ಹಳೆಯದನ್ನು ಮಾರಲು ಮನಸ್ಸು ಬಾರದೆ ಬಾಡಿಗೆಗೆ ಕೊಡುತ್ತಾರೆ. ಆಗ ಏಳುವ ಪ್ರಶ್ನೆ ಒಂದೇ: ಯಾರಿಗೆ ಕೊಡುವುದು? ಯುಗಾದಿ ಊಟದ ಪಂಕ್ತಿಯಲ್ಲಿ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ನಮ್ಮವರಿಗೇ ಕೊಟ್ಟುಬಿಡಿ, ತಲೆನೋವಿರಲ್ಲ."

ಒಳ್ಳೆಯ ಮನಸ್ಸಿನಿಂದಲೇ ಬರುವ ಸಲಹೆ ಇದು. ಆದರೆ ಇದರ ಹಿಂದೆ ಬೆಂಗಳೂರಿನ ಚರಿತ್ರೆಯಿದೆ, ಇದರ ಎದುರಿಗೆ ಶಿಕಾಗೋ ಮತ್ತು ಡೆಟ್ರಾಯಿಟ್‌ಗಳ ಚರಿತ್ರೆಯಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಈ ಮಾತಿನ ತೂಕ ತಿಳಿಯುವುದಿಲ್ಲ.

ಮೊದಲು ಬೆಂಗಳೂರು. ಮನೆ ನೋಡಲು ಹೋದವರಿಗೆ ಅಲ್ಲಿ ಎದುರಾಗುತ್ತಿದ್ದ ಮೊದಲ ಪ್ರಶ್ನೆ ಸಂಬಳದ್ದಲ್ಲ, "ಯಾವ ಕಡೆಯವರು?" ಎಂಬುದು. ಊರಿನ ಹೆಸರು ಹೇಳಿದರೆ ಸಾಲದು, ಕೇಳುವವರಿಗೆ ಬೇಕಾದದ್ದು ಜಾತಿ. "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬೋರ್ಡು ಕೂಡ ಅದೇ ಪ್ರಶ್ನೆಯನ್ನು ಮೆತ್ತಗೆ ಕೇಳುವ ಬಗೆ. ಇದಕ್ಕೆ ಮಡಿ-ಮೈಲಿಗೆಯ ಹಳೆಯ ಬೇರು ಇದ್ದೇ ಇದೆ. ಅದರ ಮೇಲೆ ಕಾನೂನಿನ ಭಯವೂ ಸೇರಿಕೊಂಡಿತು. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕೆಳಗೆ ಒಮ್ಮೆ ಒಳಬಂದ ಬಾಡಿಗೆದಾರರನ್ನು ಬಿಡಿಸುವುದು ಸುಲಭವಾಗಿರಲಿಲ್ಲ. ಅದರ 21ನೇ ಕಲಮು ಹೇಳಿದ ಕಾರಣಗಳಲ್ಲಿ ಒಂದನ್ನು ಮಾಲೀಕರು ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಿತ್ತು. ಸ್ವಂತ ವಾಸಕ್ಕೆ ಮನೆ ನಿಜವಾಗಿಯೂ ಬೇಕು ಎಂದು ರುಜುವಾತು ಮಾಡುವಷ್ಟರಲ್ಲಿ ವರ್ಷಗಳು ಉರುಳುತ್ತಿದ್ದವು. ಬಡ ಬಾಡಿಗೆದಾರರನ್ನು ಕಾಪಾಡಲೆಂದು ಬಂದ ಕಾಯಿದೆ, ಮಾಲೀಕರು ಬಾಗಿಲಲ್ಲೇ ಎಲ್ಲವನ್ನೂ ಶೋಧಿಸಿ ಒಳಬಿಡುವ ಅಭ್ಯಾಸಕ್ಕೂ ಬಲ ಕೊಟ್ಟಿತು. ಹತ್ತು ತಿಂಗಳ ಅಡ್ವಾನ್ಸ್, ಹನ್ನೊಂದು ತಿಂಗಳ ಕರಾರು, ಪರಿಚಿತರ ಶಿಫಾರಸು, ಜಾತಿಯ ವಿಚಾರಣೆ ಎಲ್ಲವೂ ಒಂದೇ ಕಟ್ಟಿನಲ್ಲಿ ಸೇರಿಹೋದವು. ಆ ಕಾಯಿದೆಯ ಜಾಗಕ್ಕೆ 1999ರ ಬಾಡಿಗೆ ಕಾಯಿದೆ ಬಂದು, 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ಕಾಯಿದೆ ಬದಲಾದರೂ ಅಭ್ಯಾಸ ಉಳಿಯಿತು. ನಮ್ಮ ಸೂಟ್‌ಕೇಸಿನಲ್ಲಿ ಕೂತು ಅದು ಸಾಗರವನ್ನೂ ದಾಟಿತು.

ಈಗ ಅಮೆರಿಕಕ್ಕೆ ಬರೋಣ. ಬಾಗಿಲಲ್ಲಿ ನಿಂತವರ ಹುಟ್ಟನ್ನು ಅಳೆಯುವುದರಲ್ಲಿ ಈ ದೇಶ ನಮಗಿಂತ ಹಿಂದೆ ಬಿದ್ದಿರಲಿಲ್ಲ. ಡೆಟ್ರಾಯಿಟ್ ಪಕ್ಕದ ಶ್ರೀಮಂತ ಉಪನಗರ ಗ್ರೋಸ್ ಪಾಯಿಂಟ್‌ನಲ್ಲಿ ಎರಡನೆಯ ಮಹಾಯುದ್ಧ ಮುಗಿದ ಕಾಲದಿಂದ ಒಂದು ಅಂಕ ಪದ್ಧತಿ ಗುಟ್ಟಾಗಿ ನಡೆಯುತ್ತಿತ್ತು. ಅಲ್ಲಿ ಮನೆ ಕೊಳ್ಳಬಯಸುವವರ ಬಗ್ಗೆ ಖಾಸಗಿ ಪತ್ತೇದಾರರು ವರದಿ ತರುತ್ತಿದ್ದರು, ಮನೆ ದಲ್ಲಾಳಿಗಳ ಸಮಿತಿಯೊಂದು ಅಂಕ ಹಾಕುತ್ತಿತ್ತು. ಬದುಕುವ ರೀತಿ ಅಮೆರಿಕನ್ನರದೇ? ಹೆಸರು ಎಂಥದು? ಮೈಬಣ್ಣ ಎಷ್ಟು ಕಂದು? ಉಚ್ಚಾರಣೆಯಲ್ಲಿ ಪರದೇಶದ ಛಾಯೆ ಎಷ್ಟು? ಇವು ಅದರ ಪ್ರಶ್ನೆಗಳು. ನೂರಕ್ಕೆ 50 ಬಂದರೆ ಪಾಸು. ಆದರೆ ಪೋಲೆಂಡ್ ಮೂಲದವರಿಗೆ 55 ಬೇಕು, ಯಹೂದಿಗಳಿಗೆ 85. ಕಪ್ಪು ಜನರಿಗೂ ಏಷ್ಯಾದವರಿಗೂ ಪರೀಕ್ಷೆಗೆ ಕೂರುವ ಅವಕಾಶವೇ ಇರಲಿಲ್ಲ. 1960ರಲ್ಲಿ ಒಂದು ವ್ಯಾಜ್ಯದ ವಿಚಾರಣೆಯಲ್ಲಿ ಈ ಪದ್ಧತಿ ಬಯಲಾಗಿ ದೇಶವೆಲ್ಲ ಸುದ್ದಿಯಾಯಿತು. ಅಂದು ಅಲ್ಲಿ ಮನೆ ಕೇಳಿ ಹೋದ ಕನ್ನಡದ ಎಂಜಿನಿಯರ್ ಎಷ್ಟು ಪದವಿ ಹಿಡಿದಿದ್ದರೂ, ಸಂಬಳ ಎಷ್ಟೇ ಇದ್ದರೂ, ಸೊನ್ನೆ ಅಂಕಕ್ಕೂ ಅರ್ಹನಾಗುತ್ತಿರಲಿಲ್ಲ.

ಶಿಕಾಗೋದಲ್ಲಿ ಗುಟ್ಟೂ ಬೇಕಿರಲಿಲ್ಲ. ಕಪ್ಪು ಜನರಿಗೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಎಂದು ನೆರೆಹೊರೆಯವರು ಪರಸ್ಪರ ಬರೆದುಕೊಳ್ಳುವ ಕರಾರಿಗೆ ಅಲ್ಲಿನ ರಿಯಲ್ ಎಸ್ಟೇಟ್ ಮಂಡಳಿ 1927ರಲ್ಲಿ ಮಾದರಿ ನಮೂನೆಯನ್ನೇ ಒದಗಿಸಿತು. 1948ರಲ್ಲಿ ಸೇಂಟ್ ಲೂಯಿಸ್‌ನ ಶೆಲ್ಲಿ ಕುಟುಂಬದ, ಅದರ ಜೊತೆಗೇ ಡೆಟ್ರಾಯಿಟ್‌ನ ಮೆಗೀ ಕುಟುಂಬದ ಮೊಕದ್ದಮೆಗಳಲ್ಲಿ ಸುಪ್ರೀಂ ಕೋರ್ಟು ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದಿತು. ಕಾಗದದ ಬಲ ಹೋಯಿತು, ಬಾಗಿಲು ಮಾತ್ರ ಮುಚ್ಚಿಯೇ ಇತ್ತು.

1966ರ ಜನವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಶಿಕಾಗೋದ ಪಶ್ಚಿಮ ಭಾಗದ ನಾರ್ಥ್ ಲಾನ್‌ಡೇಲ್‌ನಲ್ಲಿ ಒಂದು ಹಳೆಯ ಕಟ್ಟಡದ ಮಹಡಿಯನ್ನು ಬಾಡಿಗೆಗೆ ಹಿಡಿದರು. ಬರುವ ಬಾಡಿಗೆದಾರ ಯಾರೆಂದು ತಿಳಿದಾಗ ಮಾಲೀಕರು ಅವಸರದಲ್ಲಿ ಗಾರೆ-ಬಣ್ಣ ಮಾಡಿಸಿದರಂತೆ. ಅದೇ ಬೇಸಿಗೆಯಲ್ಲಿ, ಯಾರಿಗೆ ಎಲ್ಲಿ ಬೇಕಾದರೂ ಮನೆ ಸಿಗಬೇಕೆಂದು ಬಿಳಿಯರ ಬಡಾವಣೆಗಳಲ್ಲಿ ಮೆರವಣಿಗೆ ಹೊರಟಾಗ, ಆಗಸ್ಟ್ 5ರಂದು ಮಾರ್ಕೆಟ್ ಪಾರ್ಕ್‌ನಲ್ಲಿ ಕಿಂಗ್ ಅವರ ತಲೆಗೆ ಕಲ್ಲು ಬಿತ್ತು. ಎರಡು ವರ್ಷ ಕಾಂಗ್ರೆಸ್ಸಿನಲ್ಲಿ ಕುಂಟುತ್ತಿದ್ದ ಮಸೂದೆ, 1968ರ ಏಪ್ರಿಲ್ 4ರಂದು ಅವರ ಕೊಲೆಯಾದ ಮೇಲೆ, ಏಪ್ರಿಲ್ 11ರಂದು ಕಾಯಿದೆಯಾಯಿತು. ಜನಾಂಗ, ಬಣ್ಣ, ಧರ್ಮ, ಮೂಲದೇಶ ನೋಡಿ ಮನೆ ನಿರಾಕರಿಸುವಂತಿಲ್ಲ ಎಂದು ಅದು ಹೇಳಿತು. ಮುಂದೆ ಲಿಂಗ, ಅಂಗವೈಕಲ್ಯ, ಮಕ್ಕಳಿರುವ ಸಂಸಾರ ಇವೂ ಆ ಪಟ್ಟಿಗೆ ಸೇರಿದವು.

ಇಲ್ಲಿ ಇನ್ನೊಂದು ತಾರೀಖನ್ನು ನೆನೆಯಬೇಕು. ನಮ್ಮಂಥವರಿಗೆ ಈ ದೇಶದ ಬಾಗಿಲು ತೆರೆದ 1965ರ ವಲಸೆ ಕಾಯಿದೆ ಪೂರ್ಣವಾಗಿ ಜಾರಿಗೆ ಬಂದದ್ದು 1968ರ ಜುಲೈ 1ರಂದು. ಅಂದರೆ, ನಾವು ಬರಲು ಶುರುವಾಗುವುದಕ್ಕೂ ಬಾಡಿಗೆ ಮನೆಯ ಬಾಗಿಲು ಕಾನೂನಿನಲ್ಲಿ ತೆರೆಯುವುದಕ್ಕೂ ಮೂರು ತಿಂಗಳ ಅಂತರವೂ ಇಲ್ಲ. ಎಪ್ಪತ್ತರ ದಶಕದಲ್ಲಿ ಬಂದ ನಮ್ಮ ಹಿರಿಯರಿಗೆ ಹೊರಗಿನವರೆಂಬ ಅನುಭವ ಆಗಿರಲಿಲ್ಲವೆಂದಲ್ಲ. ಆದರೆ ಅವರು ಅರ್ಜಿ ಹಾಕಬಹುದಿತ್ತು, ನಿರಾಕರಿಸಿದರೆ ದೂರು ಕೊಡಬಹುದಿತ್ತು. ಆ ಹಕ್ಕಿಗಾಗಿ ಕಲ್ಲೇಟು ತಿಂದವರು ಬೇರೆಯವರು.

ಕಾಯಿದೆ ಬಂದ ಮಾತ್ರಕ್ಕೆ ಉಪನಗರಗಳು ಬದಲಾಗಲಿಲ್ಲ. ಡೆಸ್ ಪ್ಲೇನ್ಸ್‌ನಿಂದ ಕೆಲವೇ ಮೈಲಿ ದೂರದ ಆರ್ಲಿಂಗ್ಟನ್ ಹೈಟ್ಸ್‌ನಲ್ಲಿ 1970ರ ಜನಗಣತಿಯ ಪ್ರಕಾರ 64,000 ಜನರಲ್ಲಿ ಕಪ್ಪು ಜನರು 27 ಮಂದಿ. ಅಲ್ಲಿ ಕಡಿಮೆ ಆದಾಯದವರಿಗೆಂದು ಕ್ರೈಸ್ತ ಪಾದ್ರಿಗಳ ಸಂಘವೊಂದರ ಜಾಗದಲ್ಲಿ 190 ಮನೆ ಕಟ್ಟುವ ಯೋಜನೆಗೆ ಊರಿನ ಆಡಳಿತ ಒಪ್ಪಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಪರಿಣಾಮ ಅಸಮವಾದರೆ ಸಾಲದು, ಭೇದ ಮಾಡುವ ಉದ್ದೇಶವಿತ್ತೆಂದು ತೋರಿಸಬೇಕು ಎಂದು 1977ರಲ್ಲಿ ಕೋರ್ಟು ಸಂವಿಧಾನದ ಪ್ರಶ್ನೆಯಲ್ಲಿ ಊರಿನ ಪರವಾಗಿ ನಿಂತಿತು. ಕೊನೆಗೆ ರಾಜಿಯಾಗಿ ಮನೆಗಳಿಗೆ ಬೇರೆ ಜಾಗ ಗೊತ್ತಾಯಿತು. ಇಂದು ನಾವು ಹೆಮ್ಮೆಯಿಂದ ವಿಳಾಸ ಹೇಳುವ ಬೀದಿಗಳ ಹಿನ್ನೆಲೆ ಇದು.

ಇಷ್ಟು ತಿಳಿದ ಮೇಲೆ ಪಂಕ್ತಿಯ ಸಲಹೆಗೆ ಮರಳೋಣ. ಸಣ್ಣ ಮಾಲೀಕರಿಗೆ 1968ರ ಕಾಯಿದೆಯಲ್ಲಿ ಒಂದು ಕಿಂಡಿ ಇದೆ. ನಾಲ್ಕು ಅಥವಾ ಕಡಿಮೆ ಮನೆಗಳ ಕಟ್ಟಡದಲ್ಲಿ ಮಾಲೀಕರೇ ವಾಸವಿದ್ದರೆ ಅನೇಕ ಕಟ್ಟಳೆಗಳು ತಟ್ಟುವುದಿಲ್ಲ. ಚರ್ಚೆಯ ಕಾಲದಲ್ಲಿ ಕೋಣೆ ಬಾಡಿಗೆಗೆ ಕೊಟ್ಟು ಬದುಕುವ ಒಬ್ಬ ಕಾಲ್ಪನಿಕ ವಿಧವೆಯನ್ನು ಉದಾಹರಿಸಿದ್ದರಿಂದ ಅದಕ್ಕೆ 'ಮಿಸೆಸ್ ಮರ್ಫಿ' ವಿನಾಯಿತಿ ಎಂದೇ ಹೆಸರು. ಆದರೆ ಜಾಹೀರಾತಿಗೆ ಆ ವಿನಾಯಿತಿ ಇಲ್ಲ: "ಭಾರತೀಯ ಕುಟುಂಬಕ್ಕೆ ಆದ್ಯತೆ" ಎಂದು ಬರೆದರೆ ಮಿಸೆಸ್ ಮರ್ಫಿಗೂ ತಪ್ಪೇ. ಜನಾಂಗದ ವಿಷಯದಲ್ಲಂತೂ 1866ರ ನಾಗರಿಕ ಹಕ್ಕುಗಳ ಕಾಯಿದೆ ಖಾಸಗಿ ಮಾಲೀಕರಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 1968ರಲ್ಲೇ ಹೇಳಿದೆ. ಇನ್ನು ಕಾಂಡೋ ಒಂದು ಕಡೆ, ತಮ್ಮ ವಾಸ ಇನ್ನೊಂದು ಕಡೆ ಇರುವ ನಮ್ಮವರಿಗೆ ಮಿಸೆಸ್ ಮರ್ಫಿಯ ನೆರಳೂ ಸಿಗದು.

ಹಾಗಾದರೆ ಮಾಲೀಕರ ಭಯ ಸುಳ್ಳೇ? ಅಲ್ಲ. 2020ರ ಮಾರ್ಚ್‌ನಿಂದ 2021ರ ಅಕ್ಟೋಬರ್ ಆರಂಭದವರೆಗೆ ಕೋವಿಡ್ ಕಾರಣ ಇಲಿನಾಯ್‌ನಲ್ಲಿ ಬಾಡಿಗೆದಾರರನ್ನು ತೆರವು ಮಾಡಿಸಲು ಬಹುಮಟ್ಟಿಗೆ ತಡೆಯಿತ್ತು. ಬಾಡಿಗೆ ಬರದಿದ್ದರೂ ಮಾಲೀಕರ ಸಾಲದ ಕಂತು, ಆಸ್ತಿ ತೆರಿಗೆ, ಕಾಂಡೋ ಸಂಘದ ಮಾಸಿಕ ಶುಲ್ಕ ನಿಲ್ಲಲಿಲ್ಲ. ಒಂದೇ ಮನೆ ಬಾಡಿಗೆಗೆ ಕೊಟ್ಟ ಸಂಸಾರಕ್ಕೆ ಅದು ಸಣ್ಣ ಹೊರೆಯಲ್ಲ. ಈಗಲೂ ಬಾಡಿಗೆ ನಿಂತರೆ ಐದು ದಿನದ ನೋಟೀಸು ಕೊಡಬೇಕು, ಆಮೇಲೆ ನ್ಯಾಯಾಲಯಕ್ಕೆ ಹೋಗಬೇಕು, ತೀರ್ಪು ಬಂದ ಮೇಲೂ ಬಿಡಿಸಬೇಕಾದವರು ಷರೀಫರು. ಬೀಗ ಬದಲಿಸುವುದು, ನೀರು-ವಿದ್ಯುತ್ ನಿಲ್ಲಿಸುವುದು ಕಾನೂನುಬಾಹಿರ. 2021ರ ಜೂನ್ 1ರಿಂದ ಜಾರಿಯಲ್ಲಿರುವ ಕುಕ್ ಕೌಂಟಿಯ ಬಾಡಿಗೆ ಕಟ್ಟಳೆ ಇದನ್ನು ಡೆಸ್ ಪ್ಲೇನ್ಸ್‌ನಂಥ ಉಪನಗರಗಳಿಗೂ ಬಿಗಿಗೊಳಿಸಿತು. ಅದರ ಅಡಿ ಬರುವ ಮನೆಗಳಿಗೆ ಠೇವಣಿ ಒಂದೂವರೆ ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಡುತ್ತಿದ್ದ ಧೈರ್ಯ ಇಲ್ಲಿ ಸಿಗದು.

ಆದ್ದರಿಂದಲೇ ಬಾಗಿಲಲ್ಲಿ ಸರಿಯಾದ ಪ್ರಶ್ನೆ ಕೇಳುವುದು ಮುಖ್ಯ. ಆದಾಯ ಬಾಡಿಗೆಯ ಎಷ್ಟು ಪಟ್ಟು ಇರಬೇಕು, ಹಿಂದಿನ ಮಾಲೀಕರು ಏನು ಹೇಳುತ್ತಾರೆ, ಬಾಡಿಗೆ ಹೊತ್ತಿಗೆ ಸರಿಯಾಗಿ ಕಟ್ಟಿದ್ದಾರೆಯೇ ಇವನ್ನೆಲ್ಲ ಕಾನೂನು ಧಾರಾಳವಾಗಿ ಕೇಳಲು ಬಿಡುತ್ತದೆ. ಸಾಲದ ವರದಿ ತರಿಸಬಹುದು. ಅದನ್ನು ನೋಡಿ ನಿರಾಕರಿಸಿದರೆ ಯಾವ ಸಂಸ್ಥೆಯ ವರದಿ ಎಂದು ಅರ್ಜಿದಾರರಿಗೆ ತಿಳಿಸಬೇಕು. 1970ರ ಕಾಯಿದೆಯಿಂದ ಬೆಳೆದು ಬಂದ ನಿಯಮ ಅದು. ಕುಕ್ ಕೌಂಟಿಯಲ್ಲಿ 2019ರ ತಿದ್ದುಪಡಿಯ ಪ್ರಕಾರ ಅಪರಾಧದ ದಾಖಲೆಯನ್ನು ನೋಡುವುದು ಉಳಿದೆಲ್ಲ ಪರೀಕ್ಷೆಯಲ್ಲಿ ಪಾಸಾದ ಮೇಲೆಯೇ. 2023ರಿಂದ ಇಡೀ ರಾಜ್ಯದಲ್ಲಿ, ಸರ್ಕಾರದ ವೋಚರಿನಿಂದ ಬಾಡಿಗೆ ಕಟ್ಟುತ್ತಾರೆಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ. ಈ ಎಲ್ಲ ನಿಯಮಗಳ ಹುರುಳು ಒಂದೇ: ಮನುಷ್ಯ ಏನು ಮಾಡಿದ್ದಾನೆ, ಏನು ಮಾಡಬಲ್ಲ ಎಂದು ಕೇಳಿ, ಎಲ್ಲಿ ಹುಟ್ಟಿದ ಎಂದು ಕೇಳಬೇಡಿ.

"ನಮ್ಮವರು" ಎಂಬ ಅಳತೆ ಇದಕ್ಕಿಂತ ಭದ್ರವೂ ಅಲ್ಲ. ಮಾತೃಭಾಷೆ ಒಂದೇ ಎಂದು ಬಾಡಿಗೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ನಮ್ಮವರೆಂಬ ದಾಕ್ಷಿಣ್ಯಕ್ಕೆ ಕರಾರು ಬರೆಯದೆ, ಮನೆಯ ಸ್ಥಿತಿಯ ಫೋಟೋ ತೆಗೆಯದೆ, ತಡವಾದಾಗ ನೋಟೀಸು ಕೊಡಲಾಗದೆ, ಕೊನೆಗೆ ಸ್ನೇಹವನ್ನೂ ಬಾಡಿಗೆಯನ್ನೂ ಕಳೆದುಕೊಳ್ಳುವ ಅಪಾಯ ಇದರಲ್ಲೇ ಹೆಚ್ಚು.

ಬರೆದಿಟ್ಟ ನಿಯಮ ನಮ್ಮವರಿಗೂ ನೆರವಾಗುತ್ತದೆ. ಬೆಂಗಳೂರಿನಿಂದ ಕಳೆದ ವಾರವಷ್ಟೇ ಬಂದಿಳಿದ ಹುಡುಗಿಗೆ ಇಲ್ಲಿ ಸಾಲದ ಚರಿತ್ರೆಯೇ ಇರುವುದಿಲ್ಲ. ಕಂಪ್ಯೂಟರಿನ ಅಂಕ ಪದ್ಧತಿಯಲ್ಲಿ ಅವಳೂ ಅಂಕವಿಲ್ಲದವಳೇ. ಅಂಥವರಿಂದ ಕೆಲಸದ ಪತ್ರ ಮತ್ತು ಬ್ಯಾಂಕಿನ ಲೆಕ್ಕ ಸಾಕು ಎಂದು ಮಾಲೀಕರು ಮೊದಲೇ ನಿಯಮ ಬರೆದಿಟ್ಟರೆ ಅವಳಿಗೆ ಮನೆ ಸಿಗುತ್ತದೆ. ಆದರೆ ಅದೇ ರಿಯಾಯಿತಿ ಮೆಕ್ಸಿಕೋದಿಂದ, ನೈಜೀರಿಯಾದಿಂದ, ಪೋಲೆಂಡಿನಿಂದ ಬಂದವರಿಗೂ ಸಿಗಬೇಕು. ಒಂದು ಹಾಳೆಯಲ್ಲಿ ಷರತ್ತುಗಳನ್ನು ಬರೆದು, ಮನೆ ನೋಡಲು ಬಂದ ಎಲ್ಲರಿಗೂ ಅದೇ ಹಾಳೆ ಕೊಟ್ಟು, ಅರ್ಹರಲ್ಲಿ ಮೊದಲು ಬಂದವರಿಗೆ ಬೀಗದ ಕೈ ಕೊಡುವುದು ಸಣ್ಣ ಮಾಲೀಕರಿಗೆ ಕಷ್ಟದ ಕೆಲಸವೇನಲ್ಲ. ಆ ಹಾಳೆಯಲ್ಲಿ "ಯಾವ ಕಡೆಯವರು?" ಎಂಬ ಸಾಲಿಗೆ ಜಾಗವಿರಬಾರದು, ಅಷ್ಟೆ.